ಕಿಲಾರಿ ಕೇಳಿದ ಮಾಂತ್ರಿಕರ ಕಥೆ

ನನ್ನಿವಾಳದಲ್ಲಿ ನಾನು ಮೇಷ್ಟ್ರಾಗಿದ್ದಾಗ ದೇವರ ಎತ್ತುಗಳನ್ನು ಕಾಯುವ ಕಿಲಾರಿಯೊಬ್ಬರಿದ್ದರು. ಬರಿಗಾಲು, ಹೆಗಲಿಗೊಂದು ಕರಿ ಕಂಬಳಿ. ಓದು ಬರದು, ಕಥೆಯೆಂದರೆ ಪ್ರಾಣ. ನಾನು ಉಸಿರೆಳೆದುಕೊಳ್ಳಲು ನಿಲ್ಲಿಸಿದರೂ ಸಾಕು, ಕೋಲಿಗೆ ಗಲ್ಲ ಊರಿ "ಆಮ್ಯಾಲೆ?" ಅನ್ನುತ್ತಿದ್ದರು.

ಆ ವರ್ಷ ಎಲ್ಲರ ಫೋನಿನಲ್ಲೂ ಒಂದೇ ಕಾದಂಬರಿಯ ಹೊಗಳಿಕೆ. ಲೋಕದ ಕಣ್ಣಿಗೆ ಬೀಳದೆ ಬದುಕುವ ಮಾಂತ್ರಿಕರ ಗುಪ್ತ ಸಂಘದ ಕಥೆ. ತರಿಸಿಕೊಂಡೆ. ದಿನಾ ಸಂಜೆ ಎತ್ತುಗಳ ರೊಪ್ಪದ ಹೊರಗೆ ಚಪ್ಪಲಿ ಬಿಟ್ಟು, ಮುಳ್ಳುಬೇಲಿಯ ಪಕ್ಕ ಕೂತು ಅವರಿಗೆ ಓದಿ ಹೇಳಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನನಗೇ ಸಪ್ಪೆ ಎನಿಸತೊಡಗಿತ್ತು. ಊರೆಲ್ಲ ಮೆಚ್ಚಿದ್ದನ್ನು ಸಪ್ಪೆ ಎನ್ನಲು ಧೈರ್ಯವಿರಲಿಲ್ಲ.

ಕಥಾನಾಯಕ ಸಂಘಕ್ಕೆ ಸೇರಿ ಆಣೆ ಮಾಡುವ ಘಟ್ಟದಲ್ಲೇ ಕಿಲಾರಿ ಎದ್ದು ಹೋದರು. ಕುಂಟುತ್ತಿದ್ದ ಎತ್ತಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ಕಿತ್ತರು. ಅಲ್ಲಿಂದಲೇ ಕೇಳಿದರು:

"ಅಷ್ಟೊಂದು ಮಂತ್ರ ಬರ್ತಾವಲ್ಲ ಮೇಷ್ಟ್ರೇ, ಅವ್ರು ಯಾರನ್ನ ಕಾಯ್ತಾರೆ?"

"ಯಾರನ್ನೂ ಇಲ್ಲ. ತಮ್ಮ ಗುಟ್ಟನ್ನ ಕಾಯ್ತಾರೆ."

"ಅಷ್ಟೇನಾ?" ಎಂದು ಎತ್ತಿನ ಗೊರಸು ಸವರಿದರು. ಅದರ ಕಾಲನ್ನು ಮೆಲ್ಲಗೆ ಕೆಳಗಿಳಿಸಿ, ನನಗೆ ಬೇಜಾರಾದೀತೆಂದೋ ಏನೋ, "ಆಗ್ಲಿ, ಆಮ್ಯಾಲೆ?" ಎಂದರು.

ನನಗೆ ಮೊಳಕಾಲ್ಮೂರಿಗೆ ವರ್ಗವಾದ ಮರುವರ್ಷ ಅವರು ತೀರಿಕೊಂಡರು. ಈಗ ಆ ಕಾದಂಬರಿಯ ಎರಡನೇ ಭಾಗ ಬಂದಿದೆ. ಮೊದಲನೆಯದಕ್ಕಿಂತಲೂ ಸಪ್ಪೆ. ಆದರೂ ಮನೆಯಲ್ಲಿ ಒಬ್ಬನೇ ಕೂತು ಜೋರಾಗಿ ಓದುತ್ತೇನೆ. ಪುಟ ತಿರುವುವಾಗ ಬೇಕೆಂದೇ ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ.