ಹಲಗೆಯಲ್ಲಿ ಹಿಡಿಸದ ಊರು

ಗೋಡೆಗೆ ತೂಗುಹಾಕಿದ ಭೂಪಟ ಕಂಡರೆ ನಿಮಗೆ ಏನನ್ನಿಸುತ್ತದೋ ಕಾಣೆ, ನನಗೆ ಮೊದಲು ಸಿಟ್ಟು ಬರುತ್ತದೆ. ಆಮೇಲೆ ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ, ನಮ್ಮೂರನ್ನು ಹಾಕಿದ್ದಾರೆಯೇ ಎಂದು ಹುಡುಕುತ್ತೇನೆ. ತಲೆ ನರೆತರೂ ಈ ಚಾಳಿ ಹೋಗಿಲ್ಲ.

ನಮ್ಮೂರು ಪಾವಗಡ. ಮಹಾರಾಜರ ಕಾಲದಲ್ಲಿ ಅದು ತುಮಕೂರು ಜಿಲ್ಲೆಗೆ ಸೇರಿತ್ತು, ಆದರೆ ಅಂಟಿಕೊಂಡಿರಲಿಲ್ಲ. ನಡುವೆ ಬ್ರಿಟಿಷರ ಕೈಯಲ್ಲಿದ್ದ ಮದ್ರಾಸಿನ ಸೀಮೆ. ನಾನು ಮಧುಗಿರಿಯ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ರಜಕ್ಕೆ ಊರಿಗೆ ಹೊರಟರೆ ಬ್ರಿಟಿಷರ ನೆಲ ದಾಟಬೇಕು. ವಿಲಾಯತಿಗೆ ಹೋಗಿಬಂದವರಷ್ಟು ಜಂಬ ನನಗೆ.

ಆ ಜಂಬ ಇಳಿದದ್ದು ಭೂಗೋಳದ ತರಗತಿಯಲ್ಲಿ. ಮೇಷ್ಟ್ರು ಹಲಗೆಯ ತುಂಬ ಜಿಲ್ಲೆಯ ನಕ್ಷೆ ಬರೆದರು. ಕೊರಟಗೆರೆ, ಮಧುಗಿರಿ, ಶಿರಾ ಎಲ್ಲ ಬಂದವು. ಮೇಲೆ ಪಾವಗಡಕ್ಕೆ ಬರುವಷ್ಟರಲ್ಲಿ ಹಲಗೆ ಮುಗಿದಿತ್ತು. ಅವರು ಕೈಗಂಟಿದ ಸೀಮೆಸುಣ್ಣ ಒದರಿಕೊಂಡು ಕೂತುಬಿಟ್ಟರು.

"ಸಾರ್, ಪಾವಗಡ ಬಿಟ್ಟೋಯ್ತು," ಎಂದೆ.

"ಅದು ಆ ಕಡೆ ಎಲ್ಲೋ ಇದೆ ಕಣಮ್ಮ. ಬರೆದ್ರೂ ಒಂದೇ, ಬಿಟ್ರೂ ಒಂದೇ."

ತರಗತಿ ನಕ್ಕಿತು. ಅಂದಿನಿಂದ ನಾನು "ಮದ್ರಾಸಮ್ಮ".

ನನ್ನ ಮೈ ನಿಜವಾಗಿ ಉರಿದದ್ದು ಮರುದಿನ. ವಿಜ್ಞಾನವನ್ನೂ ಅವರೇ ಹೇಳಿಕೊಡುತ್ತಿದ್ದರು. ಚಂದ್ರ ಎಷ್ಟು ದೂರವಿದ್ದರೂ ನಮ್ಮ ಭೂಮಿಯವನೇ ಎಂದು ಕೈಯಾಡಿಸಿ ವರ್ಣಿಸಿದರು. ಆಕಾಶದಲ್ಲಿರುವವನಿಗೆ ಸಲ್ಲುವ ನ್ಯಾಯ ನಮ್ಮ ತಾಲ್ಲೂಕಿಗೆ ಸಲ್ಲದೇ? ಚರಿತ್ರೆಯ ಪಾಠದಲ್ಲಿ ಇಂಗ್ಲೆಂಡಿನ ರಾಜರ ಹೆಸರುಗಳನ್ನೆಲ್ಲ ಬಾಯಿಪಾಠ ಒಪ್ಪಿಸಬೇಕು. ಅವರಿಗೆ ಪುಸ್ತಕದಲ್ಲಿ ಬೇಕಾದಷ್ಟು ಜಾಗ!

"ಹೋಗ್ಲಿ ಬುಡೇ, ಪಟದಾಗೆ ಇಲ್ದಿದ್ರೆ ಊರೇನು ಓಡೋಯ್ತದಾ?" ಎಂದರು ಅತ್ತೆ. ನಾನು ಬಿಡಲಿಲ್ಲ. ಸಂತೆಗೆ ಬಂದಿದ್ದ ಅಪ್ಪನ ಮುಂದೆ ಅತ್ತುಬಿಟ್ಟೆ. ಅಪ್ಪ ಜವಳಿ ಅಂಗಡಿಯವರು, ಎಂಥ ಗಿರಾಕಿಯ ಮುಂದೂ ದನಿ ಎತ್ತಿದವರಲ್ಲ. ಅಂಥವರು ರುಮಾಲು ಸುತ್ತಿಕೊಂಡು ನೇರ ತರಗತಿಯ ಬಾಗಿಲಿಗೇ ಬಂದರು. ಪರೀಕ್ಷೆ ಹತ್ತಿರವಾದ್ದರಿಂದ ಹಲಗೆಯ ಮೇಲೆ ಅವತ್ತೂ ಅದೇ ನಕ್ಷೆ.

"ಮೇಷ್ಟ್ರೇ, ಕಂದಾಯ ಕಟ್ಟಿಸ್ಕಳಾವಾಗ ನಾವು ಮೈಸೂರೋರು. ಪಟ ಬರೆಯಾವಾಗ ಹೆಂಗೆ ಬ್ಯಾರೆಯೋರಾದ್ವಿ?"

"ಜಾಗ ಇಲ್ಲ ಸ್ವಾಮಿ. ಹಲಗೆ ಇರೋದೇ ಇಷ್ಟು."

"ಗೋಡೆ ಐತಲ್ಲ."

ಮೇಷ್ಟ್ರ ಮುಖ ಕೆಂಪಾಯಿತು. ಪಕ್ಕದ ಮನೆಯಿಂದ ಇದ್ದಿಲು ತರಿಸಿದರು. ಕುರ್ಚಿ ಹತ್ತಿ, ಹಲಗೆಯ ಮೇಲ್ಗಡೆ ಸುಣ್ಣದ ಗೋಡೆಯ ಮೇಲೆ ಪಾವಗಡ ಬರೆದರು. ಸಿಟ್ಟಿನಲ್ಲಿ ಎಳೆದ ಗೆರೆ, ಶಿರಾಕ್ಕಿಂತ ದೊಡ್ಡದಾಗಿಯೇ ಬಂತು. ಅಪ್ಪ ಕೈಮುಗಿದು ಹೊರಟುಹೋದರು.

ಸ್ವಲ್ಪ ಹೊತ್ತಿಗೆ ಲೆಕ್ಕದ ಮೇಷ್ಟ್ರು ಬಂದು ಹಲಗೆ ಒರೆಸಿದರು. ಕೊರಟಗೆರೆ ಹೋಯಿತು, ಮಧುಗಿರಿ ಹೋಯಿತು, ಶಿರಾ ಹೋಯಿತು. ಪಾವಗಡಕ್ಕೆ ಅವರ ಕೈ ಎಟುಕಲಿಲ್ಲ. ಆ ಗೋಡೆಗೆ ಮತ್ತೆ ಸುಣ್ಣ ಬಳಿಯುವವರೆಗೆ ಗಣಿತ, ಚರಿತ್ರೆ, ವಿಜ್ಞಾನ ಎಲ್ಲವೂ ನಮ್ಮೂರಿನ ಕೆಳಗೇ ನಡೆದವು.