ನೀಲಮ್ಮತ್ತೆಯ ಹೆದರಿಕೆ

ಕತ್ತಲೆ ಕೋಣೆಗೆ ಕಾಲಿಡುವ ಮೊದಲು ನಮ್ಮ ಅತ್ತೆ ನೀಲಮ್ಮ ಹೊಸ್ತಿಲಲ್ಲಿ ನಿಂತು, "ನಾ ಬರಾಕತ್ತೀನಿ" ಎಂದು ಹೇಳುತ್ತಿದ್ದರು. ಒಳಗೆ ಯಾರೂ ಇರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕಾರಣ ಕೇಳಿದ್ದೆ.

"ಹಾವು, ಚೇಳು ಏನರ ಇದ್ರ ಸರದು ಹೋಗಲಿ ಅಂತ, ಕಾಶಿ. ಅವಕ್ಕೂ ನಮ್ಮನ್ನ ಕಂಡ್ರ ಹೆದರಿಕಿ ಇರ್ತದ" ಎಂದಿದ್ದರು.

ಅವರು ಹೆದರದ ವಸ್ತು ಕಡಿಮೆ. ಕಲಬುರಗಿಯ ಕೋಟೆಯ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ನಿಜಾಮರ ಸವಾರರು ಕುದುರೆಯ ಮೇಲೆ ಹಾದುಹೋದರೆ ಅತ್ತೆ ಗೋಡೆಗೆ ಅಂಟಿಕೊಂಡು ನಿಲ್ಲುವರು. ರೈಲು ಸಿಳ್ಳು ಹಾಕಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಭಯ ನಾಯಿಯದು. ನನ್ನ ಗಂಡ ಸಾಕಿದ್ದ ಮೋತಿ ಅಂಗಳದಲ್ಲಿ ಮಲಗಿದ್ದರೆ ಅವರು ಹಿತ್ತಲಿನಿಂದ ಸುತ್ತು ಹಾಕಿ ಬರುತ್ತಿದ್ದರು. ರೊಟ್ಟಿಯನ್ನು ದೂರದಿಂದಲೇ ಎಸೆಯುತ್ತಿದ್ದರು. ಆದರೆ ಒಂದು ದಿನವೂ ಮರೆತವರಲ್ಲ.

ಆ ವರ್ಷ ಊರಿಗೆ ಪ್ಲೇಗು ಬಂತು. ಮನೆ ಮನೆಯಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಜನ ಬಾಗಿಲಿಗೆ ಬೀಗ ಹಾಕಿ ಹೊಲಗಳಿಗೆ ಹೊರಟರು. ಕಮಲಾಪುರದಲ್ಲಿ ನಮ್ಮದೊಂದು ಕೆಂಪು ಬಾಳೆಯ ತೋಟವಿತ್ತು. ಗಂಡ ನಮ್ಮಿಬ್ಬರನ್ನೂ ಮೋತಿಯನ್ನೂ ಬಂಡಿಯಲ್ಲಿ ಅಲ್ಲಿಯ ಗುಡಿಸಲಿಗೆ ತಂದು ಬಿಟ್ಟರು. ಕಚೇರಿಯಲ್ಲಿ ರಜೆ ಸಿಗದೆ ತಾವೊಬ್ಬರೇ ತಿರುಗಿ ಹೋದರು. "ಮೋತಿ ಇರ್ತದ, ಹೆದರಬ್ಯಾಡ ಯವ್ವಾ" ಎಂದು ತಾಯಿಗೆ ಹೇಳಿ ಹೋದರು. ಅಂದಿನಿಂದ ದಾರಿಯಲ್ಲಿ ಯಾರು ಬಂದರೂ ಅತ್ತೆ ಬೇಲಿಯ ಬಳಿ ಓಡಿ ಕಲಬುರಗಿಯ ಖಬರು ಕೇಳುವರು. ಉತ್ತರ ಬರುವ ಮೊದಲೇ ಕಿವಿ ಮುಚ್ಚಿಕೊಳ್ಳುವರು.

ಒಂದು ಮಧ್ಯಾಹ್ನ ಬಾಳೆಯ ಹೂವಿಗೆ ಜೇನುಹುಳಗಳು ಮುತ್ತಿದ್ದವು. ಮೋತಿ ಆಟಕ್ಕೋ ಏನೋ ಅವುಗಳಿಗೆ ಬಾಯಿ ಹಾಕಿತು. ಕಿರುಚಿಕೊಂಡು ಮೂತಿಯನ್ನು ಮಣ್ಣಿಗೆ ಉಜ್ಜುತ್ತ ಉರುಳಾಡಿತು. ನಾನು ಓಡಿ ಹೋಗಿ ಹಿಡಿದಾಗ ತುಟಿ ಆಗಲೇ ದಪ್ಪಗಾಗಿತ್ತು, ಒಂದು ಕಣ್ಣು ಮುಚ್ಚುತ್ತಿತ್ತು. ತೋಟ ನೋಡಿಕೊಳ್ಳುತ್ತಿದ್ದ ಭೀಮವ್ವ ಎಲೆ ಅಡಿಕೆಯ ಚೀಲದಿಂದ ಸುಣ್ಣ ತೆಗೆದಳು.

"ಸುಣ್ಣ ಬ್ಯಾಡ" ಎಂದು ಹಿಂದಿನಿಂದ ಅತ್ತೆಯ ದನಿ ಕೇಳಿತು. "ಬಾಯಾಗ ಹೋದ್ರ ನಾಲಿಗಿ ಸುಡ್ತದ. ಮೊದಲ ಅದನ್ನ ಹೂವಿನ ಕಡಿಂದ ದೂರ ಒಯ್ಯಿರಿ. ಒಂದು ಕಡದಲ್ಲಿ ಮತ್ತಷ್ಟು ಬರ್ತಾವ."

ಬಾವಿಯ ಪಕ್ಕದ ನೆರಳಿಗೆ ಹೊತ್ತು ತಂದೆವು. ತುಟಿಯಲ್ಲಿ ಜೇನಿನ ಮುಳ್ಳು ಕಪ್ಪಗೆ ಕಾಣುತ್ತಿತ್ತು. ಎರಡು ಬೆರಳಿನಿಂದ ಚಿವುಟಿ ಕೀಳಲು ಹೋದೆ.

"ಹಿಚುಕಬ್ಯಾಡ ಕಾಶಿ. ವಿಷ ಎಲ್ಲಾ ಒಳಗ ಇಳೀತದ. ಉಗುರಿಲೆ ಕೆರದು ತಗೀಬೇಕು."

ನನ್ನ ಕೈಗಳು ನಾಯಿಯ ತಲೆ ಹಿಡಿದಿದ್ದವು. ಭೀಮವ್ವ ಕಾಲು ಹಿಡಿದಿದ್ದಳು. ಅತ್ತೆ ನಮ್ಮಿಬ್ಬರ ಮುಖವನ್ನೂ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿದರು. ಹಲ್ಲು ಕಟಕಟ ಎನ್ನುವಷ್ಟು ನಡುಗುತ್ತಿದ್ದರು. ತುಟಿಯ ಮುಳ್ಳನ್ನು ಉಗುರಿನ ಅಂಚಿನಿಂದ ಕೆರೆದು ತೆಗೆದರು. ಆಮೇಲೆ ನೋವಿಗೆ ಗುರುಗುಟ್ಟುತ್ತಿದ್ದ ಆ ಬಾಯನ್ನು ಅಗಲಿಸಿ ಒಳಗೆ ಬೆರಳು ಹಾಕಿದರು. ನಾಲಿಗೆಯ ಬದಿಯಲ್ಲಿ ಇನ್ನೊಂದಿತ್ತು.

"ಕಡೀಬ್ಯಾಡೋ ನನ್ನಪ್ಪಾ, ಕಡೀಬ್ಯಾಡ" ಎಂದು ಮೆಲ್ಲಗೆ ಹೇಳುತ್ತಲೇ ಇದ್ದರು.

ಅದು ಕಡಿಯಲಿಲ್ಲ. ಆದರೆ ಊತ ಏರುತ್ತಿತ್ತು. ಬಾವಿಯ ತಣ್ಣೀರಲ್ಲಿ ಬಟ್ಟೆ ಅದ್ದಿ ಅದ್ದಿ ಮೂತಿಯ ಮೇಲೆ ಇಟ್ಟೆವು. ನಾನು ನೀರು ಕುಡಿಸಲು ಹೋದರೆ ಅತ್ತೆ ತಡೆದರು. "ಗಂಟಲ ಬಾತದ. ಸುರುವಿದ್ರ ಉಸಿರಿನ ದಾರೀಗೆ ಹೋಗ್ತದ. ತಾನ ಕುಡೀಲಿ." ಆಗಾಗ ತುಟಿ ಎತ್ತಿ ಒಸಡಿನ ಬಣ್ಣ ನೋಡುವರು, ಪಕ್ಕೆಯ ಮೇಲೆ ಕೈಯಿಟ್ಟು ಉಸಿರು ನೋಡುವರು.

"ಇದೆಲ್ಲಾ ನಿಮಗ ಹ್ಯಾಂಗ ಗೊತ್ತರೀ ಅತ್ತೀ?" ಎಂದೆ.

"ನನ್ನ ತಮ್ಮ ಬೆಲ್ಲ ತಿನ್ನೂಮುಂದ ಬಾಯಾಗ ಜೇನುಹುಳ ಕಡದಿತ್ತು. ಮಂದಿ ಮುಳ್ಳು ಹಿಚುಕಿದ್ರು, ಸುಣ್ಣ ತುಂಬಿದ್ರು, ನೀರು ಸುರುವಿದ್ರು. ನಾ ಬಾಗಿಲದಾಗ ನಿಂತು ನೋಡೀನಿ." ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿ, "ಅವ ಉಳೀಲಿಲ್ಲ" ಎಂದರು.

ಮೋತಿಯ ಉಸಿರು ಕೊರಕೊರ ಎನ್ನುತ್ತಿತ್ತು. ಕಮಲಾಪುರದಲ್ಲಿ ದನದ ವೈದ್ಯ ಯಾರೂ ಇರಲಿಲ್ಲ; ಕಲಬುರಗಿಗೆ ಹೋಗುವ ಹಾಗಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಿ ಬಹಳ ಸಣ್ಣ ದನಿಯಲ್ಲಿ, "ಇದಕ್ಕೇನರ ಆದ್ರ, ಅಲ್ಲಿ ನನ್ನ ಮಗ…" ಎಂದು ಮಾತು ಅರ್ಧಕ್ಕೆ ನುಂಗಿದರು. ಅದೇ ಯೋಚನೆ ನನಗೂ ಬಂದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕೊರಕೊರ ಸದ್ದು ನಿಂತಿತು. ನಾನು ಅದರ ಪಕ್ಕೆಯ ಮೇಲೆ ಕೈಯಿಟ್ಟೆ. ಮೋತಿ ಕತ್ತೆತ್ತಿ, ತೂರಾಡುತ್ತ ಎದ್ದು, ಬಾನಿಯಲ್ಲಿ ನೀರು ಕುಡಿಯಿತು. ಅತ್ತೆ ಎದ್ದು ಗುಡಿಸಲ ಹಿಂದೆ ಹೋಗಿ ವಾಂತಿ ಮಾಡಿಕೊಂಡರು. ಮರುದಿನ ಮೋತಿ ಬಾಲ ಆಡಿಸುತ್ತ ಹತ್ತಿರ ಬಂದರೆ, "ಏ, ದೂರ, ದೂರ" ಎಂದು ಹಿಂದೆ ಸರಿದರು.

ಪ್ಲೇಗು ಇಳಿದ ಮೇಲೆ ಗಂಡ ನಮ್ಮನ್ನು ಕರೆದೊಯ್ಯಲು ಬಂದರು. ಬಹಳ ಸೊರಗಿದ್ದರು. ಅತ್ತೆ ಅವರ ಬಗಲು, ಕತ್ತು ಎಲ್ಲ ಮುಟ್ಟಿ ನೋಡಿ ಎಲ್ಲಿಯೂ ಗಡ್ಡೆ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಆದರೆ ನಮ್ಮ ಜೊತೆ ಬರಲಿಲ್ಲ. "ಊರಂದ್ರ ನನಗ ಹೆದರಿಕಿ. ನಾ ಇಲ್ಲೇ ಇರ್ತೀನಿ. ಮೋತೀನೂ ಇರಲಿ" ಎಂದರು. ಬಂಡಿ ಹೊರಟಾಗ ಬೇಲಿಯ ಬಳಿ ನಿಂತಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಹಳ್ಳ ತುಂಬಿ ದಾರಿ ಕಟ್ಟಿದ್ದರಿಂದ ನಾವು ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಕೊನೆಯವರೆಗೆ ಜೊತೆಗಿದ್ದವಳು ಭೀಮವ್ವ.

"ಭಾಳ ಹೆದರಿದ್ರೇನ?" ಎಂದು ಕೇಳಿದೆ.

"ಹೌದ್ರೀ, ಹೆದರಿದ್ರು. ನನ್ನ ಕೈ ಬಿಡಲಿಲ್ಲ" ಎಂದಳು.

ಯಾವ ಕೈ ಎಂದು ಕೇಳಿದೆ. ಭೀಮವ್ವ ಬಲಗೈ ಮುಂದೆ ಚಾಚಿದಳು. ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತೆ.