ಸುಳ್ಳು ಚುಕ್ಕೆಗಳ ಕರೀ ಕಿಟಕಿ

ಆ ಕಾಲಕ್ಕೆ ನನ್ನ ಮದುವೆ ತಡವಾದದ್ದು ಜಾತಕದಿಂದಲ್ಲ, ಒಂದು ಕರೀ ಕಿಟಕಿಯಿಂದ. ಮನೆಯ ಕಿಟಕಿಯಲ್ಲ, ಕಂಪ್ಯೂಟರ್ ಪರದೆಯ ಮೇಲಿನದು.

ರೋಣದ ಹುಸೇನಸಾಹೇಬರ ದಲಾಲಿ ಅಂಗಡಿಯಲ್ಲಿ ನಾನು ಕಂಪ್ಯೂಟರ್ ಮಾಸ್ತರ. ಜೋಳ, ಕಡಲೆ, ಹತ್ತಿಯ ದರವನ್ನು ನರೇಗಲ್ಲಿನವರೂ ಕೂತಲ್ಲೇ ನೋಡಲೆಂದು ಒಂದು ವೆಬ್‌ಸೈಟ್ ಮಾಡಿದ್ದೆ. ಅದನ್ನು ನಡೆಸುವ ಸರ್ವರ್ ಎಂಬ ಪ್ರೋಗ್ರಾಂ ಓಡುತ್ತಿದ್ದದ್ದು ಅಂಗಡಿಯ ಕಂಪ್ಯೂಟರಿನಲ್ಲೇ. ನಾನು ಆಜ್ಞೆ ಟೈಪಿಸಿದರೆ ಕರೀ ಕಿಟಕಿಯೊಂದು ತೆರೆದು ಅಕ್ಷರಗಳು ಹರಿಯುತ್ತಿದ್ದವು. ಯಾರಾದರೂ ಕ್ರಿಕೆಟ್ ಸ್ಕೋರು ನೋಡಲು ಬಂದು ಅದನ್ನು ಮುಚ್ಚಿದರೆ ಸರ್ವರ್ ಖಲ್ಲಾಸ್. ಕರೆಂಟು ಹೋದರೂ ಅದೇ ಗತಿ. ಬಂದ ಮೇಲೆ ಮತ್ತೆ ನಾನೇ ಬೇಕು. ರೋಣದ ಕರೆಂಟನ್ನು ನಂಬಿ ಊರು ಬಿಡುವುದು ಹೇಗೆ? ಗಜೇಂದ್ರಗಡಕ್ಕೆ ಕನ್ಯೆ ನೋಡಲು ಹೋಗುವುದು ಎರಡು ಸಲ ತಪ್ಪಿತು. ಮೂರನೆಯ ಸಲವೂ ತಪ್ಪಿದರೆ ಬೇರೆ ವರ ಹುಡುಕುತ್ತೇವೆಂದು ಹುಡುಗಿಯ ತಂದೆ ಹೇಳಿ ಕಳಿಸಿದರು.

ಹಟ ಹಿಡಿದು ಓದಿದೆ. ಸರ್ವರನ್ನು ತೆರೆಮರೆಯಲ್ಲೇ ಓಡುವ ‘ಸರ್ವಿಸ್’ ಮಾಡಿಬಿಟ್ಟರೆ ಯಂತ್ರ ಎದ್ದಾಗ ಅದೂ ತಾನೇ ಏಳುತ್ತದೆ. ಕಿಟಕಿಯೂ ಬೇಡ, ಮಾಸ್ತರನೂ ಬೇಡ. ಮಾಡಿ ತೋರಿಸಿದೆ. ಖಾಲಿ ಪರದೆ ನೋಡಿ ಸಾಹೇಬರು ಹೌಹಾರಿದರು.

“ಏನೂ ಕಾಣವಲ್ದಲ್ರಿ ಮಾಸ್ತರ! ಕೆಲಸಾ ಯಾರ ಮಾಡಾಕತ್ತಾರ?”

“ಒಳಗ ನಡದೈತ್ರಿ.”

“ಒಳಗಂದ್ರ? ನನ್ನ ಕಣ್ಣಿಗೆ ಕಾಣೂತನಕಾ ನೀವ ಎಲ್ಲಿಗೂ ಹೋಗಂಗಿಲ್ಲ.”

ಐದು ಹೊತ್ತು ನಿರಾಕಾರನಿಗೆ ತಲೆಬಾಗುವ ಸಾಹೇಬರಿಗೆ ಸರ್ವರ್ ಮಾತ್ರ ಸಾಕಾರವಾಗಿಯೇ ಇರಬೇಕು. ನಗುವ ಹಕ್ಕು ನನಗೂ ಇಲ್ಲ. ದೇವರು ಎಲ್ಲೆಲ್ಲೂ ಇದ್ದಾನೆಂದು ವಾದಿಸುವ ನಾನು ಆಯುಧಪೂಜೆಗೆ ಇದೇ ಕಂಪ್ಯೂಟರಿನ ಹಣೆಗೆ ಕುಂಕುಮ ಹಚ್ಚಿದವನು. ಕೊನೆಗೆ ಐದು ಸೆಕೆಂಡಿಗೊಂದು ಚುಕ್ಕೆ ಮೂಡಿಸುವುದರ ಹೊರತು ಬೇರಾವ ಕೆಲಸವೂ ಇಲ್ಲದ ಕರೀ ಕಿಟಕಿಯೊಂದನ್ನು ಮಾಡಿಕೊಟ್ಟೆ. ಸಾಹೇಬರು ಖುಷಿಯಾಗಿ, ಎದುರಿಗೆ ಕುರ್ಚಿ ಹಾಕಿಕೊಂಡು, ತಾವೇ ಕಾವಲು ಕೂತರು. ನಾನು ಬಸ್ಸು ಹತ್ತಿದೆ.

ಗಜೇಂದ್ರಗಡದಲ್ಲಿ ಅವಲಕ್ಕಿ ತಟ್ಟೆ ಕೈಗೆ ಬಂತು. “ನಮ್ಮ ಹುಡುಗಿ ಭಾಳ ಚಲೋ ಹಾಡತಾಳ್ರಿ” ಎಂದು ತಂದೆ ಶುರುಮಾಡುವಷ್ಟರಲ್ಲಿ ನನ್ನ ಮೊಬೈಲು ಕೂಗಿತು. ಸಾಹೇಬರ ದನಿ ಇಡೀ ಪಡಸಾಲೆಗೆ ಕೇಳಿಸಿತು.

“ಮಾಸ್ತರ, ಕರೆಂಟ್ ಹೋಗಿ ಬಂತು, ಚುಕ್ಕಿ ನಿಂತಾವ! ಲಗೂ ಬರ್ರಿ!”

“ದರ ಕಾಣ್ತಾವೇನ್ರಿ?”

“ಕಾಣ್ತಾವ. ಅದ ಅಂಜಿಕಿ! ಚುಕ್ಕಿ ಇಲ್ಲದ ಹ್ಯಾಂಗ ಕಾಣ್ತಾವ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೇರೆ ದಾರಿ ಕಾಣದೆ ಫೋನಿಟ್ಟು, ಸರ್ವರ್ ತಾನೇ ಎದ್ದಿದೆ, ಚುಕ್ಕೆಗಳು ಬರೀ ಸಾಹೇಬರ ಸಮಾಧಾನಕ್ಕೆ ಎಂಬ ನಿಜಸಂಗತಿಯನ್ನು ಅವರಿಗೆಲ್ಲ ಹೇಳಿಬಿಟ್ಟೆ. ತಂದೆಯ ಮುಖ ಗಂಟಾಯಿತು.

“ಅಂದ್ರ ಮಾಲಕರಿಗೇ ಸುಳ್ಳ ತೋರಸ್ತೀರಿ?”

ಮದುವೆ ಮುರಿಯಿತೆಂದೇ ತಿಳಿದು ತಟ್ಟೆ ಕೆಳಗಿಟ್ಟೆ. ಆಗ ಚಹಾ ತಂದಿದ್ದ ಹುಡುಗಿ ನಿಂತಲ್ಲೇ ಅಂದಳು:

“ಅಪ್ಪಾ, ನಾ ಹಾಡತೇನಿ ಅಂತ ಈಗ ಹೇಳಿದ್ಯಲ್ಲಾ, ಅದೂ ಅಂಥಾ ಚುಕ್ಕೀನ ಅಲ್ಲೇನು?”

ಮೊದಲು ನಕ್ಕವರು ಆಕೆಯ ತಾಯಿ. ಆಮೇಲೆ ತಂದೆಯೂ ನಗಲೇಬೇಕಾಯಿತು.

ಅವಳ ಹಾಡನ್ನು ನಾನು ಇವತ್ತಿನವರೆಗೆ ಕೇಳಿಲ್ಲ. ಸಂಸಾರ ಮಾತ್ರ ತಾನೇ ತಾನಾಗಿ ನಡೆದುಕೊಂಡು ಬಂದಿದೆ ಎಂದು ಇಲ್ಲಿ ಬರೆಯುತ್ತಿದ್ದೆ. ಬೆನ್ನ ಹಿಂದೆ ನಿಂತು ಓದುತ್ತಿದ್ದವಳು ಕೇಳಿದಳು: “ತಾನ ನಡದೈತಂತ ನಿಮಗ ಯಾರ ಹೇಳಿದ್ರು?”

ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ. ನೀವೂ ಓದಿಲ್ಲವೆಂದೇ ತಿಳಿಯಿರಿ.